ಜ್ವರ ಬಿಟ್ಟಿತೆಂದು ಗುಳಿಗೆ ಬಿಡಬೇಡಿ

(ಏಕಕೋಶ ಜೀವಿಗಳಿಂದ ಬರುವ ಕಾಯಿಲೆಗಳ ಕುರಿತು ರೋಗಿಗಳಿಗೂ ಅವರ ಜೊತೆಗಿರುವ ಬಂಧುಗಳಿಗೂ ತಿಳಿವಳಿಕೆ)

"ಜ್ವರ ಬಿಟ್ಟಾವಲ್ರೀ, ಇನ್ನ ಗುಳಿಗಿ ಯಾಕ್ರೀ?" ಹೊರರೋಗಿಗಳ ವಿಭಾಗದಲ್ಲಿ ವೈದ್ಯರು ಮತ್ತೆ ಮತ್ತೆ ಕೇಳುವ ಮಾತಿದು. ಕೇಳುವವರ ತಪ್ಪೇನೂ ಇಲ್ಲ. ಮೈ ಬಿಸಿ ಇಳಿದಿದೆ, ಹಸಿವೆ ಮರಳಿದೆ, ಹೊಲದ ಕೆಲಸ ಕಾದಿದೆ. ಹೀಗಿರುವಾಗ ಮತ್ತೆ ಹತ್ತು ಹನ್ನೊಂದು ದಿನ ಗುಳಿಗೆ ನುಂಗುವುದು ಯಾರಿಗಾದರೂ ಬೇಸರವೇ. ಆದರೆ ಕೆಲವು ಕಾಯಿಲೆಗಳಲ್ಲಿ ಜ್ವರ ಹೋಗುವುದು ಬೇರೆ, ರೋಗ ಹೋಗುವುದು ಬೇರೆ. ಅಂಥ ಕಾಯಿಲೆಗಳ ಗುಂಪೊಂದನ್ನು ಇಲ್ಲಿ ತಿಳಿಸಿದ್ದೇವೆ. ಓದು ಬಾರದ ಹಿರಿಯರಿಗೆ ಜೊತೆಗಿರುವವರು ದಯವಿಟ್ಟು ಓದಿ ಹೇಳಬೇಕು.

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಒಂದೇ ಒಂದು ಕೋಶದಲ್ಲಿ ಇಡೀ ಬಾಳನ್ನು ಮುಗಿಸುವ ಜೀವಿಗಳೂ ಸೃಷ್ಟಿಯಲ್ಲಿವೆ. ಕೆರೆಯ ನೀರಿನಲ್ಲಿ, ಮಣ್ಣಿನಲ್ಲಿ ಇರುವ ಬಹುಪಾಲು ಏಕಕೋಶ ಜೀವಿಗಳು ನಮ್ಮ ತಂಟೆಗೆ ಬರುವುದಿಲ್ಲ. ಕೆಲವು ಮಾತ್ರ ಮನುಷ್ಯನ ರಕ್ತವನ್ನೋ ಕರುಳನ್ನೋ ಮನೆ ಮಾಡಿಕೊಳ್ಳುತ್ತವೆ. ಮಲೇರಿಯಾ, ಅಮೀಬಾದ ಆಮಶಂಕೆ, ಮಕ್ಕಳಲ್ಲಿ ಕಾಣುವ ಜಿಯಾರ್ಡಿಯಾ ಭೇದಿ, ಬಿಹಾರದ ಕಡೆ ಹೆಚ್ಚಾಗಿದ್ದ ಕಾಲಾ ಅಜಾರ್ ಇವೆಲ್ಲ ಈ ಜಾತಿಯವು. ಕರುಳಿನ ಜಂತುಹುಳು ಕಣ್ಣಿಗೆ ಕಾಣುತ್ತದೆ, ಇವು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುತ್ತವೆ. ಇವುಗಳ ದೊಡ್ಡ ಉಪದ್ರವವೆಂದರೆ ಅಡಗಿಕೊಳ್ಳುವುದು. ಔಷಧಿ ತಾಗುವ ಜಾಗದಲ್ಲಿ ಸಾಯುತ್ತವೆ, ತಾಗದ ಜಾಗದಲ್ಲಿ ಉಳಿದುಕೊಳ್ಳುತ್ತವೆ.

ಮಲೇರಿಯಾ: ಯಕೃತ್ತಿನಲ್ಲಿ ಮಲಗಿರುವ ರೋಗ

ಅನಾಫಿಲಿಸ್ ಎಂಬ ಜಾತಿಯ ಹೆಣ್ಣು ಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನೊಡನೆ ಮಲೇರಿಯಾ ಜೀವಿ ನಮ್ಮ ರಕ್ತಕ್ಕೆ ಇಳಿಯುತ್ತದೆ. ಅದು ಮೊದಲು ಹೋಗುವುದು ಯಕೃತ್ತಿಗೆ, ಅಂದರೆ ಬಲಪಕ್ಕೆಯ ಕೆಳಗಿರುವ ಲಿವರಿಗೆ. ಅಲ್ಲಿ ಸಾವಿರಾರು ಪಟ್ಟು ಹೆಚ್ಚಿ, ನಂತರ ರಕ್ತಕ್ಕೆ ಬಂದು ಕೆಂಪು ಕಣಗಳ ಒಳಗೆ ಸೇರಿಕೊಳ್ಳುತ್ತದೆ. ಕಣದೊಳಗೆ ಬೆಳೆದು, ಕಣವನ್ನು ಒಡೆದು ಹೊರಬಂದು, ಹೊಸ ಕಣಗಳನ್ನು ಹಿಡಿಯುತ್ತದೆ. ಹೀಗೆ ಲಕ್ಷಾಂತರ ಕಣಗಳು ಒಟ್ಟಿಗೆ ಒಡೆಯುವ ಹೊತ್ತಿಗೇ ಮೈ ಗಡಗಡ ನಡುಗುವುದು, ಮೂರು ಕಂಬಳಿ ಹೊದಿಸಿದರೂ ಚಳಿ ನಿಲ್ಲದಿರುವುದು, ಆಮೇಲೆ ಸುಡುವ ಜ್ವರ, ಕೊನೆಗೆ ಬೆವರು. ಈ ಸುತ್ತಿಗೆ ಸುಮಾರು 48 ಗಂಟೆ ಹಿಡಿಯುವುದರಿಂದ ಹಳಬರು "ದಿನ ಬಿಟ್ಟು ದಿನ ಬರುವ ಚಳಿಜ್ವರ" ಎನ್ನುತ್ತಿದ್ದರು. ಆದರೆ ಎಲ್ಲರಲ್ಲೂ ಹೀಗೆ ಲೆಕ್ಕ ಹಿಡಿದು ಬರುವುದಿಲ್ಲ. ದಿನಾಲೂ ಬರಬಹುದು, ನಡುಕವಿಲ್ಲದೆಯೂ ಬರಬಹುದು. ಮಕ್ಕಳಲ್ಲಿ ಬರೀ ವಾಂತಿಯೇ ಕಾಣಬಹುದು.

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ಮಲೇರಿಯಾ ಇವೆ. ವೈವಾಕ್ಸ್ ಒಂದು, ಫಾಲ್ಸಿಪಾರಂ ಇನ್ನೊಂದು. ಕರ್ನಾಟಕದಲ್ಲಿ ಹೆಚ್ಚಾಗಿ ಸಿಗುವುದು ವೈವಾಕ್ಸ್. ಇದರಿಂದ ಸಾವು ಕಡಿಮೆ, ಆದರೆ ಕಳ್ಳತನ ಹೆಚ್ಚು. ಯಕೃತ್ತಿಗೆ ಹೋದ ಜೀವಿಗಳಲ್ಲಿ ಕೆಲವು ರಕ್ತಕ್ಕೆ ಬಾರದೆ ಅಲ್ಲಿಯೇ ನಿದ್ದೆಗೆ ಜಾರುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಮಲಗಿದ್ದು ಒಂದು ದಿನ ಎಚ್ಚೆತ್ತು ಮತ್ತೆ ರಕ್ತಕ್ಕೆ ಇಳಿಯುತ್ತವೆ. ಹೊಸದಾಗಿ ಸೊಳ್ಳೆ ಕಚ್ಚಬೇಕೆಂದೇನೂ ಇಲ್ಲ. "ಹೋದ ದೀಪಾವಳಿಗೆ ಬಂದಿತ್ತು, ಯುಗಾದಿಗೆ ತಿರುಗಿ ಬಂತು" ಎಂದು ಹೇಳುವವರಲ್ಲಿ ಅನೇಕರದು ಇದೇ ಕಥೆ.

ಆದ್ದರಿಂದಲೇ ವೈವಾಕ್ಸ್‌ಗೆ ಎರಡು ಔಷಧಿ. ಮೊದಲನೆಯದು ಕ್ಲೋರೋಕ್ವಿನ್, 3 ದಿನ. ಇದು ರಕ್ತದಲ್ಲಿರುವ ಜೀವಿಗಳನ್ನು ಕೊಲ್ಲುತ್ತದೆ, ಜ್ವರ ಇಳಿಯುವುದು ಇದರಿಂದಲೇ. ಎರಡನೆಯದು ಪ್ರಿಮಾಕ್ವಿನ್, 14 ದಿನ. ಇದು ಯಕೃತ್ತಿನಲ್ಲಿ ಮಲಗಿರುವವನ್ನು ಕೊಲ್ಲುತ್ತದೆ. ಎರಡನ್ನೂ ಮೊದಲ ದಿನದಿಂದಲೇ ಶುರು ಮಾಡುತ್ತಾರೆ. ಮೂರು ನಾಲ್ಕು ದಿನಕ್ಕೆ ಜ್ವರ ಬಿಟ್ಟಾಗ ರೋಗಿ ನಿಲ್ಲಿಸುವುದು ಈ ಎರಡನೆಯ ಗುಳಿಗೆಯನ್ನು, ಅಂದರೆ ಬೇರನ್ನು ಕೀಳುವ ಗುಳಿಗೆಯನ್ನು. ಕಸ ಕೊಯ್ದು ಬೇರು ಬಿಟ್ಟರೆ ಕರಿಕೆ ಏನು ಮಾಡುತ್ತದೆಂದು ಒಕ್ಕಲುತನ ಮಾಡುವವರಿಗೆ ನಾವು ಹೇಳಬೇಕಾಗಿಲ್ಲ.

ಪ್ರಿಮಾಕ್ವಿನ್ ವಿಷಯದಲ್ಲಿ ಕೆಲವು ಎಚ್ಚರಿಕೆಗಳಿವೆ. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆ ನೋಯುತ್ತದೆ, ಊಟವಾದ ಮೇಲೆ ತೆಗೆದುಕೊಳ್ಳಿ. ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಕೂಸುಗಳಿಗೂ ಇದನ್ನು ಕೊಡುವುದಿಲ್ಲ. ಕೂಸಿಗೆ ಹಾಲುಣಿಸುವ ತಾಯಂದಿರು ಆ ಮಾತನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕೆಂಪು ರಕ್ತಕಣದಲ್ಲಿ ಜಿ-6-ಪಿ-ಡಿ ಎಂಬ ಒಂದು ಕಿಣ್ವ ಕಡಿಮೆ ಇರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡಸರಲ್ಲಿ ಈ ಕೊರತೆ ಹೆಚ್ಚು. ಅಂಥವರು ಈ ಗುಳಿಗೆ ನುಂಗಿದರೆ ರಕ್ತಕಣಗಳು ಒಡೆಯತೊಡಗುತ್ತವೆ. ಮೂತ್ರ ಚಹಾದ ಕಷಾಯದಂತೆ ಕಪ್ಪಾಗಿ ಹೋದರೆ, ಕಣ್ಣು ಹಳದಿಯಾದರೆ, ತುಟಿ ನೀಲಿಗಟ್ಟಿದರೆ, ಏದುಸಿರು ಬಂದರೆ ಗುಳಿಗೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಬರಬೇಕು. ಗುಳಿಗೆಯನ್ನು ಅರ್ಧಕ್ಕೆ ಬಿಡಬೇಕಾದ ಸಂದರ್ಭ ಇದೊಂದೇ. ಮನೆಯಲ್ಲಿ ಯಾರಿಗಾದರೂ ಮೊದಲು ಹೀಗೆ ಆಗಿದ್ದರೆ ಚೀಟಿ ಬರೆಸುವಾಗಲೇ ಹೇಳಿರಿ.

ಫಾಲ್ಸಿಪಾರಂ ಬೇರೆ ಸ್ವಭಾವದ್ದು. ಇದು ಯಕೃತ್ತಿನಲ್ಲಿ ಮಲಗುವುದಿಲ್ಲ, ಆದರೆ ರಕ್ತದಲ್ಲಿ ಬೇಗ ಹೆಚ್ಚಿ ಮೆದುಳಿನ, ಮೂತ್ರಪಿಂಡದ ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡುತ್ತದೆ. ಬೆಳಿಗ್ಗೆ ಮಾತಾಡುತ್ತಿದ್ದವರು ಸಂಜೆಗೆ ತಪ್ಪುತಪ್ಪಾಗಿ ಮಾತಾಡುವುದು, ಫಿಟ್ಸ್ ಬರುವುದು, ಮೂತ್ರ ನಿಲ್ಲುವುದು, ಕಾಮಾಲೆ ಕಾಣುವುದು ಇದರ ಲಕ್ಷಣ. ಇದಕ್ಕೆ ಕ್ಲೋರೋಕ್ವಿನ್ ಸಾಲದು. ಆರ್ಟಿಸುನೇಟ್ ಸೇರಿದ ಜೋಡಿ ಔಷಧಿಯನ್ನು 3 ದಿನ ಕೊಡುತ್ತಾರೆ, ಸೊಳ್ಳೆಗೆ ದಾಟದಿರಲೆಂದು ಒಂದು ಸಲ ಪ್ರಿಮಾಕ್ವಿನ್ ಕೊಡುತ್ತಾರೆ. ಸ್ಥಿತಿ ಗಂಭೀರವಾಗಿದ್ದರೆ ಒಳರೋಗಿಯಾಗಿಸಿ ಸೂಜಿಮದ್ದು. ಬಸುರಿಯರಲ್ಲಿ ಇದು ತಾಯಿ, ಕೂಸು ಇಬ್ಬರಿಗೂ ಅಪಾಯ, ಒಂದು ದಿನವೂ ತಡಮಾಡಬಾರದು.

ಯಾವ ಬಗೆ ಎಂದು ಮೈ ಮುಟ್ಟಿ ಹೇಳಲಾಗದು, ರಕ್ತ ನೋಡಿಯೇ ಹೇಳಬೇಕು. ಬೆರಳ ತುದಿಯಿಂದ ಒಂದು ಹನಿ ಸಾಕು. ಗಾಜಿನ ಪಟ್ಟಿಯ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಇಲ್ಲವೆ ಕಿಟ್ಟಿನಲ್ಲಿ ಹತ್ತಿಪ್ಪತ್ತು ನಿಮಿಷಕ್ಕೆ ತಿಳಿಯುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಯೂ ಔಷಧಿಯೂ ಉಚಿತ. ಆದರೆ ಆಗುವುದೇನೆಂದರೆ, ಜ್ವರ ಬಂದ ಕೂಡಲೇ ಊರಲ್ಲಿ ಯಾರೋ ಒಬ್ಬರು ಸೂಜಿ ಚುಚ್ಚಿ, ಸಲಾಯಿನ್ ಏರಿಸಿ, ಎರಡು ಕ್ಲೋರೋಕ್ವಿನ್ ಕೊಟ್ಟು ಕಳಿಸಿರುತ್ತಾರೆ. ನಾಲ್ಕು ದಿನದ ಮೇಲೆ ಇಲ್ಲಿಗೆ ಬಂದಾಗ ರಕ್ತದಲ್ಲಿ ಏನೂ ಕಾಣುವುದಿಲ್ಲ, ಕಾಯಿಲೆಯೂ ಹೋಗಿರುವುದಿಲ್ಲ. ಗುಳಿಗೆಗಿಂತ ಮೊದಲು ರಕ್ತಪರೀಕ್ಷೆ, ಇಷ್ಟನ್ನು ಪಾಲಿಸಿದರೆ ನಮ್ಮ ಅರ್ಧ ಕೆಲಸ ಹಗುರವಾಗುತ್ತದೆ. ಒಮ್ಮೆ ಇಲ್ಲವೆಂದು ಬಂದರೂ ಜ್ವರ ನಿಲ್ಲದಿದ್ದರೆ ಮತ್ತೆ ಕೊಡಬೇಕು.

ದೇಶವೂ ಒಮ್ಮೆ ಗುಳಿಗೆ ಅರ್ಧಕ್ಕೆ ಬಿಟ್ಟಿತ್ತು

ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಜಗತ್ತೆಲ್ಲ ನಂಬಿತ್ತು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಆ ಜೀವಿಯನ್ನು ಕಂಡರು. ಅದು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆಂದು ತೋರಿಸಿದವರು ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಅದಕ್ಕೂ ಹದಿಮೂರು ಹದಿನಾಲ್ಕು ವರ್ಷ ಮೊದಲು ಈ ರಾಸ್ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಬಂಗಲೆಯಲ್ಲಿ ಸೊಳ್ಳೆಕಾಟ ತಡೆಯಲಾರದೆ ಹುಡುಕಿದಾಗ ಕಿಟಕಿಯ ಹೊರಗಿನ ಒಂದು ಪೀಪಾಯಿ ನೀರಿನಲ್ಲಿ ಮರಿಗಳು ಕುಣಿಯುತ್ತಿದ್ದವಂತೆ. ಪೀಪಾಯಿ ಬೋರಲು ಹಾಕಿದರು, ಸೊಳ್ಳೆ ಹೋದವು. ನೂರ ನಲವತ್ತು ವರ್ಷವಾದರೂ ಇದಕ್ಕಿಂತ ಅಗ್ಗದ ಉಪಾಯ ಬಂದಿಲ್ಲ.

ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1946ರಲ್ಲಿ, ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಕಾರವಾರ ಮತ್ತು ಧಾರವಾಡ ಸೀಮೆಯ ಹಳ್ಳಿಗಳ ಮನೆಗೋಡೆಗಳಿಗೆ ಡಿ.ಡಿ.ಟಿ. ಹೊಡೆಸಿದರು. ಅಲ್ಲಿ ಸಿಕ್ಕ ಫಲ ಮುಂದೆ ದೇಶಕ್ಕೇ ಮಾದರಿಯಾಯಿತು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ 1965ರ ಹೊತ್ತಿಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಪ್ರಕರಣಕ್ಕೆ ಇಳಿಯಿತು. ಇನ್ನು ಹೋದಂತೆಯೇ ಎಂದು ನಿಗಾ ಸಡಿಲವಾಯಿತು. ಡಿ.ಡಿ.ಟಿ. ಸಮಯಕ್ಕೆ ಸಿಗಲಿಲ್ಲ, ಸೊಳ್ಳೆಗಳು ಅದಕ್ಕೆ ಒಗ್ಗಿಕೊಂಡವು, 1973ರಲ್ಲಿ ಅಸ್ಸಾಮಿನಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಂ ಕಾಣಿಸಿತು. 1976ರಲ್ಲಿ ಮತ್ತೆ 64 ಲಕ್ಷ ಪ್ರಕರಣ! ಕೃಷ್ಣಾ ತೀರದ ನಮ್ಮ ಜಿಲ್ಲೆಗಳು ಅದರ ಬಿಸಿಯನ್ನು ಬಹಳ ವರ್ಷ ಉಂಡಿವೆ. ಈಗ ಲೆಕ್ಕ ಮತ್ತೆ ಇಳಿದಿದೆ, 2015ರಲ್ಲಿ 11 ಲಕ್ಷಕ್ಕೂ ಹೆಚ್ಚು ಇದ್ದದ್ದು 2023ರಲ್ಲಿ ಎರಡೂಕಾಲು ಲಕ್ಷದ ಆಸುಪಾಸಿಗೆ ಬಂದಿದೆ. 2030ರೊಳಗೆ ಮುಗಿಸಬೇಕೆಂಬುದು ಸರ್ಕಾರದ ಗುರಿ. ಇಳಿದಿರುವ ಈ ಹೊತ್ತಿನಲ್ಲೇ ಎಚ್ಚರ ಹೆಚ್ಚು ಬೇಕು.

ನಮ್ಮ ಸೀಮೆಯ ನೀರು, ನಮ್ಮ ಸೀಮೆಯ ಸೊಳ್ಳೆ

"ಮಳೆಯೇ ಇಲ್ಲದ ನಾಡಿಗೆ ಸೊಳ್ಳೆ ಎಲ್ಲಿಂದ?" ಎಂದು ಕೆಲವರು ಕೇಳುತ್ತಾರೆ. ನೀರು ಕಡಿಮೆ ಇರುವುದರಿಂದಲೇ ನಾವು ನೀರು ಕೂಡಿಡುತ್ತೇವೆ. ಆದಿಲಶಾಹಿ ಕಾಲದಲ್ಲಿ ತೊರವಿಯಿಂದ ಶಹರಕ್ಕೆ ನೆಲದೊಳಗಿನ ಸುರಂಗದಲ್ಲಿ ನೀರು ಒಯ್ಯುತ್ತಿದ್ದರು. ಇಂದು ಪ್ರತಿ ಮನೆಯ ಮುಂದೆ ಗಚ್ಚಿನ ಹೌದ, ಮಾಳಿಗೆ ಮೇಲೆ ಟಾಕಿ, ಮೂಲೆಯಲ್ಲಿ ಪ್ಲಾಸ್ಟಿಕ್ ಬ್ಯಾರಲ್. ಪಟ್ಟಣದ ಮಲೇರಿಯಾ ಸೊಳ್ಳೆಗೆ ಬೇಕಾದದ್ದು ಗಟಾರದ ಹೊಲಸು ನೀರಲ್ಲ, ಇಂಥ ತಿಳಿನೀರೇ. ಬಾವಿ, ಮುಚ್ಚಳವಿಲ್ಲದ ಟಾಕಿ, ಹೊಸ ಕಟ್ಟಡದ ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು ಅದರ ತವರುಮನೆ. ಹಳ್ಳಿಯ ಕಡೆ ಇನ್ನೊಂದು ಜಾತಿಯ ಸೊಳ್ಳೆ ಇದೆ, ಅದು ಹಳ್ಳದ ನಿಂತ ನೀರು, ಕಾಲುವೆಯ ಅಂಚು, ಹೊಲದ ತಗ್ಗುಗಳಲ್ಲಿ ಮೊಟ್ಟೆ ಇಡುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ತಿಕೋಟಾ, ಬಬಲೇಶ್ವರ ಕಡೆಗೆ ಕೃಷ್ಣೆಯ ನೀರು ಬಂದದ್ದು ನಮ್ಮ ಭಾಗ್ಯ. ದ್ರಾಕ್ಷಿ ತೋಟಗಳಲ್ಲಿ ಕೃಷಿಹೊಂಡಗಳೂ ಆಗಿವೆ. ನೀರು ಬಂದಲ್ಲಿ ಸೊಳ್ಳೆಯೂ ಬರುತ್ತದೆಂಬ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಹೊಂಡಕ್ಕೆ, ಬಾವಿಗೆ ಗಪ್ಪಿ ಮೀನು ಬಿಡುವುದು ಒಳ್ಳೆಯ ದಾರಿ. ಕೋಲಾರ, ಹಾಸನ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಬಾವಿ, ಕುಂಟೆಗಳಿಗೆ ಇಂಥ ಮೀನು ಬಿಟ್ಟು ಮಲೇರಿಯಾವನ್ನು ಬಹುಮಟ್ಟಿಗೆ ಇಳಿಸಿದ್ದಾರೆ. ಮೀನಿಗಾಗಿ ಆರೋಗ್ಯ ಇಲಾಖೆಯವರನ್ನು ಕೇಳಿರಿ.

ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಹೌದ, ಬ್ಯಾರಲ್ ಬರಿದು ಮಾಡಿ, ತಿಕ್ಕಿ, ಒಣಗಿಸಿ ತುಂಬಿದರೆ ಮರಿ ಸೊಳ್ಳೆಯಾಗುವುದಿಲ್ಲ. ದನಗಳ ನೀರಿನ ತೊಟ್ಟಿಯನ್ನು ಮರೆಯಬೇಡಿ.

ಗುಳೆ ಹೋಗುವವರಿಗೆ ಒಂದು ಮಾತು. ನಮ್ಮ ಕಡೆಯ ಅನೇಕ ಮಂದಿ ಗೋವಾ, ಮಂಗಳೂರು, ಮುಂಬೈ, ಪುಣೆ ಕಡೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. 1990ರ ದಶಕದಿಂದ ಬಹಳ ವರ್ಷ ಮಂಗಳೂರು ಮಲೇರಿಯಾಕ್ಕೆ ಹೆಸರಾಗಿತ್ತು, ಕಟ್ಟಡಗಳ ನಿಂತ ನೀರು ಅದಕ್ಕೆ ದೊಡ್ಡ ಕಾರಣ. ಅರ್ಧ ಕಟ್ಟಿದ ಮನೆಯಲ್ಲೇ ಮಲಗುವ ಕೂಲಿಕಾರರಿಗೆ ಬಾಗಿಲೂ ಇಲ್ಲ, ಸೊಳ್ಳೆಪರದೆಯೂ ಇಲ್ಲ. ಜಾತ್ರೆಗೆ, ಹಬ್ಬಕ್ಕೆ ಊರಿಗೆ ಬಂದಾಗ ಜ್ವರ ಏಳುತ್ತದೆ, ಊರಿನ ಸೊಳ್ಳೆ ಅವರನ್ನು ಕಚ್ಚಿ ಹತ್ತು ಹನ್ನೆರಡು ದಿನಕ್ಕೆ ಮನೆಯವರಿಗೆ ದಾಟಿಸುತ್ತದೆ. ಅವರನ್ನು ದೂರುವುದು ತರವಲ್ಲ, ದುಡಿಯಲು ಹೋದವರು ಅವರು. ಆದರೆ ಹೊರಗಿನಿಂದ ಬಂದವರಿಗೆ ಜ್ವರ ಬಂದರೆ "ನಾನು ಇಂಥ ಊರಲ್ಲಿದ್ದೆ" ಎಂದು ವೈದ್ಯರಿಗೆ ತಾವಾಗಿ ಹೇಳಬೇಕು. ಮರಳಿ ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದರೆ 14 ದಿನದ ಗುಳಿಗೆಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡಲಿ.

ಅಮೀಬಾ: ಕರುಳಿನಿಂದ ಯಕೃತ್ತಿಗೆ

ಆಮಶಂಕೆಯಲ್ಲಿ ಎಲ್ಲವೂ ಅಮೀಬಾದಿಂದ ಬರುವುದಲ್ಲ. ಹೊಟ್ಟೆ ಸ್ವಲ್ಪ ಕೆಟ್ಟರೂ "ನನಗ ಅಮೀಬಾ ಐತ್ರೀ" ಎನ್ನುತ್ತ ಕಿಸೆಯಲ್ಲಿ ಮೆಟ್ರೋನಿಡಜೋಲ್ ಪಟ್ಟಿ ಇಟ್ಟುಕೊಂಡು ತಿರುಗುವವರಿದ್ದಾರೆ. ನೀರಿನಂತೆ ಆಗುವ ಭೇದಿಗೆ ಬಹುತೇಕ ಬೇರೆ ರೋಗಾಣುಗಳೇ ಕಾರಣ, ಅದಕ್ಕೆ ಮೊದಲ ಮದ್ದು ಓ.ಆರ್.ಎಸ್. ನೀರು. ಅಮೀಬಾದ್ದಾದರೆ ಹೊಟ್ಟೆ ನುಲಿದು, ಸ್ವಲ್ಪ ಸ್ವಲ್ಪವಾಗಿ, ಆಮ ಮತ್ತು ರಕ್ತ ಬೆರೆತು ಹೋಗುತ್ತದೆ. ಮಲಪರೀಕ್ಷೆಯಿಂದ ತಿಳಿಯಬಹುದು. ರಕ್ತ ಬೀಳುವ ಭೇದಿ ಯಾವುದೇ ಇರಲಿ, ವೈದ್ಯರಿಗೆ ತೋರಿಸಬೇಕು.

ಈ ಜೀವಿ ಅಡಗುವುದು ಚಿಪ್ಪಿನೊಳಗೆ. ಕರುಳಿನಲ್ಲಿ ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಮಲದೊಡನೆ ಹೊರಬರುತ್ತದೆ. ಮಣ್ಣಿನಲ್ಲಿ, ನೀರಿನಲ್ಲಿ ದಿನಗಟ್ಟಲೆ ಬದುಕುತ್ತದೆ. ಕುಡಿಯುವ ನೀರಿಗೆ ಸಾಮಾನ್ಯವಾಗಿ ಬೆರೆಸುವಷ್ಟು ಕ್ಲೋರಿನ್‌ಗೆ ಅದು ಸುಲಭವಾಗಿ ಸಾಯದು, ಕುದಿಸಿದರೆ ಸಾಯುತ್ತದೆ. ಕಾಯಿಲೆಯ ಲಕ್ಷಣವೇ ಇಲ್ಲದವರ ಹೊಟ್ಟೆಯಲ್ಲೂ ಈ ಚಿಪ್ಪುಗಳು ಇರಬಹುದು. ಆದ್ದರಿಂದ ಮದುವೆ, ದಾಸೋಹದ ಅಡುಗೆಯವರು ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವುದು, ಉಗುರು ಕತ್ತರಿಸುವುದು ಸಣ್ಣ ವಿಷಯವಲ್ಲ. ನಮ್ಮ ಊಟದಲ್ಲಿ ರೊಟ್ಟಿಯ ಜೊತೆ ಹಸಿ ಮೆಂತ್ಯೆ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಇರಲೇಬೇಕು. ಇದು ಒಳ್ಳೆಯ ರೂಢಿ, ಬಿಡಬೇಕಿಲ್ಲ. ಆದರೆ ಗಟಾರದ ನೀರಿಗೆ ಬೆಳೆದ ಸೊಪ್ಪು ಹಸಿಯಾಗಿ ಬೇಡ. ಉಳಿದದ್ದನ್ನು ಎಲೆ ಎಲೆ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆದು ತಿನ್ನಿರಿ.

ಕೆಲವರಲ್ಲಿ ಅಮೀಬಾ ಕರುಳನ್ನು ಕೊರೆದು ರಕ್ತದ ಮೂಲಕ ಯಕೃತ್ತಿಗೆ ಹೋಗಿ ಕೀವು ಕಟ್ಟುತ್ತದೆ. ಬಲಪಕ್ಕೆಯ ಕೆಳಗೆ ನೋವು, ಉಸಿರೆಳೆದರೆ ಹೆಚ್ಚುವುದು, ನೋವು ಬಲಭುಜಕ್ಕೆ ಏರುವುದು, ಜ್ವರ, ತೂಕ ಇಳಿಯುವುದು ಇದರ ಗುರುತು. ಅನೇಕರಿಗೆ ಭೇದಿ ಆಗಿದ್ದ ನೆನಪೇ ಇರುವುದಿಲ್ಲ. ಸೆರೆ ಕುಡಿಯುವ ನಡುವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಸೋನೋಗ್ರಫಿಯಲ್ಲಿ ಕಾಣುತ್ತದೆ. ಬೇಗ ಬಂದರೆ ಗುಳಿಗೆ, ಸೂಜಿಯಿಂದಲೇ ವಾಸಿಯಾಗುತ್ತದೆ, ದೊಡ್ಡದಾದರೆ ಕೀವು ತೆಗೆಯಬೇಕಾಗುತ್ತದೆ. ತೀರ ತಡವಾದರೆ ಒಡೆದು ಎದೆಗೆ, ಹೊಟ್ಟೆಗೆ ಹರಡಿ ಜೀವಕ್ಕೆ ಅಪಾಯ.

ಇಲ್ಲಿಯೂ ಎರಡು ಹಂತದ ಔಷಧಿ. ಮೆಟ್ರೋನಿಡಜೋಲ್ ಅಂಗಾಂಶದೊಳಗಿನ ಅಮೀಬಾವನ್ನು ಕೊಲ್ಲುತ್ತದೆ, ನೋವು ಜ್ವರ ಹೋಗುತ್ತವೆ. ಕರುಳಿನಲ್ಲಿ ಉಳಿದ ಚಿಪ್ಪುಗಳಿಗೆ ಡೈಲಾಕ್ಸನೈಡ್‌ನಂಥ ಇನ್ನೊಂದು ಗುಳಿಗೆ ಬೇಕು. ನೋವು ಹೋಯಿತೆಂದು ಅದನ್ನು ಬಿಟ್ಟವರು ಮತ್ತೆ ಬರುತ್ತಾರೆ. ಮೆಟ್ರೋನಿಡಜೋಲ್ ನಡೆಯುವಾಗ ಬಾಯಿ ಕಹಿ ಅಥವಾ ಕಬ್ಬಿಣ ನೆಕ್ಕಿದಂತೆ ಅನಿಸುವುದು ಸಹಜ. ಆದರೆ ಗುಳಿಗೆ ನಡೆಯುವಷ್ಟು ದಿನವೂ, ಮುಗಿದ ಮೇಲೆ ಮೂರು ದಿನವೂ ಸೆರೆ ಮುಟ್ಟಬಾರದು. ಮುಟ್ಟಿದರೆ ವಾಂತಿ, ಎದೆಬಡಿತ, ಮುಖ ಕೆಂಪೇರುವುದು ಆಗಬಹುದು.

ಇನ್ನು ಕೆಲವು

ಮಗುವಿನ ಮಲ ವಾಸನೆಯಿಂದ, ಜಿಡ್ಡಾಗಿ, ತೇಲುವಂತೆ ವಾರಗಟ್ಟಲೆ ಹೋಗುತ್ತಿದ್ದು ತೂಕ ಏರದಿದ್ದರೆ ಜಿಯಾರ್ಡಿಯಾ ಇರಬಹುದು. ಹೆಣ್ಣುಮಕ್ಕಳಿಗೆ ವಾಸನೆಯ ಹಳದಿ-ಹಸಿರು ಬಿಳಿಸೆರಗು, ತುರಿಕೆ ಇದ್ದರೆ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ ಕಾರಣವಾಗಿರಬಹುದು. ಸಂಕೋಚಪಟ್ಟು ಮುಚ್ಚಿಡಬೇಡಿರಿ. ಗಂಡನೂ ಗುಳಿಗೆ ತೆಗೆದುಕೊಳ್ಳದಿದ್ದರೆ ಇದು ವಾಸಿಯಾಗದು. ಬಸುರಿಯರು ಬೆಕ್ಕಿನ ಹೊಲಸು ಬಳಿಯುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದು ಒಳಿತು. ಅದರಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಹೊಟ್ಟೆಯ ಕೂಸಿಗೆ ತೊಂದರೆ ಕೊಡುತ್ತದೆ.

ಜೊತೆಗಿರುವವರಿಗೆ

ಮಲೇರಿಯಾ ರೋಗಿಯನ್ನು ಮುಟ್ಟಿದರೆ, ಪಕ್ಕದಲ್ಲಿ ಮಲಗಿದರೆ, ಎಂಜಲು ತಟ್ಟೆಯಿಂದ ಬರುವುದಿಲ್ಲ. ತಟ್ಟೆ ಬೇರೆ ಮಾಡಿ ಅವರ ಮನಸ್ಸು ನೋಯಿಸಬೇಡಿರಿ. ಸೊಳ್ಳೆಪರದೆಯನ್ನು ಮಾತ್ರ ಅವರಿಗೆ ಮೊದಲು ಕಟ್ಟಿರಿ, ಅವರನ್ನು ಕಚ್ಚಿದ ಸೊಳ್ಳೆಯೇ ನಿಮ್ಮನ್ನು ಕಚ್ಚುವುದು. ಜ್ವರಕ್ಕೆ ಉಪವಾಸವೇ ಮದ್ದೆಂದು ಊಟ ನಿಲ್ಲಿಸಬಾರದು. ಗಂಜಿ, ನುಚ್ಚು, ಮಜ್ಜಿಗೆ, ಹಣ್ಣು, ಯಾವುದು ರುಚಿಸಿದರೆ ಅದನ್ನು ಸ್ವಲ್ಪ ಸ್ವಲ್ಪ ಕೊಡಿರಿ. ಗುಳಿಗೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ದಾದಿಯರಿಗೆ ತಿಳಿಸಿರಿ, ಮತ್ತೆ ಕೊಡಬೇಕಾಗುತ್ತದೆ. ಮಲೇರಿಯಾ ಆದವರು ಪೂರ್ತಿ ಗುಣವಾಗಿ 3 ತಿಂಗಳು ಕಳೆಯುವವರೆಗೆ ರಕ್ತದಾನ ಮಾಡುವಂತಿಲ್ಲ.

ಮನೆಗೆ ಹೋಗುವಾಗ ಪ್ರಿಮಾಕ್ವಿನ್ ಗುಳಿಗೆಗಳನ್ನು ಎಣಿಸಿಕೊಳ್ಳಿರಿ. ಗೋಡೆಯ ಕ್ಯಾಲೆಂಡರಿನಲ್ಲಿ 14ನೆಯ ದಿನಕ್ಕೆ ಗುರುತು ಹಾಕಿ, ನುಂಗಿದ ದಿನವನ್ನೆಲ್ಲ ಗೀರಿರಿ. ಮನೆಯ ಶಾಲೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಅವರು ಒಂದು ದಿನವೂ ತಪ್ಪಿಸುವುದಿಲ್ಲ. ಮುಂದಿನ ಒಂದು ವರ್ಷದಲ್ಲಿ ಯಾವಾಗ ಜ್ವರ ಬಂದರೂ, ನೆಗಡಿ ಜ್ವರವೇ ಎನಿಸಿದರೂ, ಹಳೆಯ ಚೀಟಿ ತೆಗೆದುಕೊಂಡು ಬಂದು ರಕ್ತ ಕೊಟ್ಟು ಹೋಗಿರಿ.